ಶಾಲೆಗೆ ಬಂದ ಯಂತ್ರ: ಸೈಟ್‌ನಿಂದ ವಡೋದರದವರೆಗೆ

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಪಾಠ ತಲುಪಿತು. ಇದೇ 'ಸೈಟ್' ಎಂದು ಹೆಸರಾದ ಉಪಗ್ರಹ ಬೋಧನಾ ಪ್ರಯೋಗ. ಕರ್ನಾಟಕದಿಂದ ರಾಯಚೂರು ಮತ್ತು ಅಂದಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಮೆರಿಕದ ಎಟಿಎಸ್-6 ಉಪಗ್ರಹ ಕಳಿಸಿದ ಸಂಕೇತಗಳನ್ನು ತಂತಿಬಲೆಯ ಡಿಶ್ ಆಂಟೆನಾ ನೇರವಾಗಿ ಗ್ರಹಿಸುತ್ತಿತ್ತು. ಬೆಳಗಿನ ಹೊತ್ತು ಶಾಲಾಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ.

ಪರಿಣಾಮವನ್ನು ಅಳೆದಾಗ ಮಕ್ಕಳ ಭಾಷೆ ಬೆಳೆದದ್ದು, ತಿಳಿಯುವ ಆಸಕ್ತಿ ಹೆಚ್ಚಿದ್ದು ಕಂಡಿತು. ಆದರೆ ಪಾಠವಿಷಯಗಳ ಸಾಧನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಟೆಲಿವಿಷನ್ ಎಲ್ಲರಿಗೂ ಒಂದೇ ಪಾಠ ಹೇಳುತ್ತದೆ. ಯಾರಿಗೆ ಅರ್ಥವಾಗಲಿಲ್ಲ ಎಂದು ವಿಚಾರಿಸುವುದು ಅದಕ್ಕೆ ಸಾಧ್ಯವಿಲ್ಲ.

ಕಂಪ್ಯೂಟರಿಗೆ ಅದು ಸಾಧ್ಯ. ಗುಜರಾತ್ ಸರ್ಕಾರ ವಡೋದರ ಮಹಾನಗರ ಪಾಲಿಕೆಯ ಸುಮಾರು 100 ಪ್ರಾಥಮಿಕ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಆದರೆ ಚಿಕ್ಕ ಮಕ್ಕಳ ಕೈಗೆ ಅವು ಸಿಕ್ಕದ್ದು ಅಪರೂಪ. 2002ರಲ್ಲಿ 'ಪ್ರಥಮ್' ಸಂಸ್ಥೆ ನಾಲ್ಕನೆಯ ತರಗತಿಯವರಿಗೆ ವಾರಕ್ಕೆ ಎರಡು ಗಂಟೆ, ಒಂದು ಯಂತ್ರಕ್ಕೆ ಇಬ್ಬರಂತೆ, ಗಣಿತದ ಆಟಗಳನ್ನು ಆಡಿಸತೊಡಗಿತು. ಮಗುವಿನ ಸಾಮರ್ಥ್ಯಕ್ಕೆ ತಕ್ಕಂತೆ ಲೆಕ್ಕ ಕಠಿಣವಾಗುತ್ತಿತ್ತು, ಇಲ್ಲವೇ ಸುಲಭವಾಗುತ್ತಿತ್ತು. ಶಾಲೆಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ್ದರಿಂದ ಹೋಲಿಕೆ ನಂಬುವಂತಿತ್ತು.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರ ಅಳತೆಯಂತೆ ಗಣಿತದ ಅಂಕಗಳು ಮೊದಲ ವರ್ಷ 0.35, ಎರಡನೆಯ ವರ್ಷ 0.47 ಮಾನಕ ವಿಚಲನೆಯಷ್ಟು ಏರಿದವು. ಅಂದರೆ, ಅಂಕಗಳ ಪ್ರಕಾರ ನಿಲ್ಲಿಸಿದ ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವಿದ್ದ ಮಗು ಸುಮಾರು ಹದಿನೆಂಟು ಮಂದಿಯನ್ನು ದಾಟಿ ಮುಂದೆ ಹೋದಂತೆ. ಇದು ಸಣ್ಣ ಮಾತಲ್ಲ. ಆದರೆ ಭಾಷೆಯಲ್ಲಿ ಏನೂ ಲಾಭವಾಗಲಿಲ್ಲ. ಕಾರ್ಯಕ್ರಮ ಮುಗಿದು ವರ್ಷ ಕಳೆಯುವಷ್ಟರಲ್ಲಿ ಗಣಿತದ ಲಾಭವೂ ಸುಮಾರು 0.1ಕ್ಕೆ ಇಳಿದಿತ್ತು.

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ವೇಳಾಪಟ್ಟಿಯಲ್ಲಿ ಕಂಪ್ಯೂಟರಿಗೆ ಒಂದು ಅವಧಿ ಹೊಂದಿಸುವಾಗ ಯಾವ ಪಾಠದ ಅವಧಿ ಹೋಯಿತೆಂದು ನಾವು ಶಿಕ್ಷಕರು ಕೇಳುವುದು ಕಡಿಮೆ. ಗುಜರಾತಿನದೇ 'ಜ್ಞಾನಶಾಲಾ' ಸಂಸ್ಥೆಯ ತರಗತಿಗಳಲ್ಲಿ ಲೀ ಲಿಂಡನ್ ಇದನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಎರಡು ಬಗೆಯಲ್ಲೂ ಬಳಸಿದ ತಂತ್ರಾಂಶ ಒಂದೇ. ಶಿಕ್ಷಕರ ಪಾಠದ ವೇಳೆಯನ್ನು ಕಿತ್ತು ಯಂತ್ರಕ್ಕೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು. ಶಾಲೆಯ ವೇಳೆಯ ಆಚೆಗೆ ಕೊಟ್ಟಾಗ ಮುಂದೆ ಬಂದರು. ಹೆಚ್ಚು ಲಾಭ ಪಡೆದವರು ಮೊದಲು ಹಿಂದುಳಿದಿದ್ದ ಮಕ್ಕಳು.