ಮನೋರೋಗಿಯ ಮನೆಯವರನ್ನು ಕೇಳುವವರಾರು?

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳಿಕೊಂಡು ಬಂದಿದ್ದೇವೆ. ಆದರೆ ಆ ಗಾದೆಯೊಳಗೆ ಒಂದು ಕುಟುಂಬದ ಸಂಕಟ ಅಡಗಿದೆ. ಮಗನಿಗೋ ಮಗಳಿಗೋ ಮನಸ್ಸಿನ ಕಾಯಿಲೆ ಬಂದಾಗ ಎಲ್ಲಿಗೆ ಹೋಗಬೇಕೆಂದು ತಿಳಿಯದ ಹೆತ್ತವರು ಮದುವೆಯನ್ನೇ ಮದ್ದೆಂದು ನಂಬಿದರು. ಈ ನಂಬಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಹತ್ತಿರದಲ್ಲಿ ಬೇರೆ ದಾರಿಯೇ ಇಲ್ಲದಿದ್ದುದು ಅದಕ್ಕೆ ಕಾರಣವಲ್ಲವೇ?

ಮನೋಚಿಕಿತ್ಸೆಯ ಇತಿಹಾಸವೆಂದರೆ ಸಾಮಾನ್ಯವಾಗಿ ವೈದ್ಯರ, ಕಟ್ಟಡಗಳ ಮತ್ತು ಕಾಯ್ದೆಗಳ ಇತಿಹಾಸ. ರೋಗಿಯ ಜೊತೆ ಹಗಲು ರಾತ್ರಿ ಬದುಕುವ ತಾಯಿ, ಹೆಂಡತಿ, ಅಣ್ಣತಮ್ಮಂದಿರು ಅದರಲ್ಲಿ ಕಾಣುವುದಿಲ್ಲ. ಬೆಂಗಳೂರಿನ ಇತಿಹಾಸವನ್ನು ಅವರ ಕಡೆಯಿಂದ ಒಮ್ಮೆ ನೋಡೋಣ.

ಪೇಟೆಯ ಹುಚ್ಚಾಸ್ಪತ್ರೆ

ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1847ರಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಪ್ರಯತ್ನದಿಂದ ಬೆಂಗಳೂರಿನ ಪೇಟೆಯಲ್ಲಿ ಹುಚ್ಚರ ಆಸ್ಪತ್ರೆಯೊಂದು ಆರಂಭವಾಯಿತು. ಆ ಕಾಲದ ಇಂತಹ ಆಸ್ಪತ್ರೆಗಳಲ್ಲಿ ಗೋಡೆ, ಬೀಗ, ಕಾವಲುಗಾರ ಇವೇ ಮುಖ್ಯ. ರೋಗಿಯನ್ನು ಒಪ್ಪಿಸಿದ ಮೇಲೆ ಮನೆಯವರಿಗೆ ಅಲ್ಲಿ ಮಾಡುವಂಥದ್ದೇನೂ ಇರುತ್ತಿರಲಿಲ್ಲ. ಅನೇಕರು ತಿರುಗಿ ಬರುತ್ತಲೂ ಇರಲಿಲ್ಲ.

1925ರಲ್ಲಿ ಮೈಸೂರು ಸರಕಾರವು ಈ ಸಂಸ್ಥೆಗೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. ಹೆಸರು ಬದಲಾದುದು ಸಣ್ಣ ಸಂಗತಿಯಲ್ಲ. ಹುಚ್ಚನು ರೋಗಿಯಾದ, ರೋಗಿಯೆಂದ ಮೇಲೆ ಗುಣವಾಗುವ ಆಸೆಯೂ ಹುಟ್ಟಿತು. ಅದರ ಮೇಲ್ವಿಚಾರಕರಾಗಿದ್ದ ಡಾ. ಫ್ರಾಂಕ್ ನರೋನಾ ಹೊಸ ಆಸ್ಪತ್ರೆಯ ಕನಸು ಕಂಡರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಬೆಂಬಲಕ್ಕೆ ನಿಂತರು. 1930ರ ದಶಕದಲ್ಲಿ ಆಸ್ಪತ್ರೆಯು ಪೇಟೆಯ ಇಕ್ಕಟ್ಟಿನಿಂದ ಹೊರಬಂದು, ಇಂದು ನಾವು ಹೊಸೂರು ರಸ್ತೆಯಲ್ಲಿ ಕಾಣುವ ವಿಶಾಲ ಆವರಣವನ್ನು ಸೇರಿತು. ನಗರಕ್ಕೆ ಉದ್ಯಾನಗಳ ಅಂದ ಕೊಟ್ಟ ದಿವಾನರನ್ನು ನೆನೆಯುವವರು, ನಗರವು ಮರೆತವರಿಗೂ ಅವರು ಗಾಳಿ ಬೆಳಕು ದೊರಕಿಸಿದ್ದನ್ನು ನೆನೆಯಬೇಕು.

ಮುಂದೆ ಡಾ. ಎಂ.ವಿ. ಗೋವಿಂದಸ್ವಾಮಿಯವರು ಇದನ್ನು ಶಿಕ್ಷಣ ಮತ್ತು ಸಂಶೋಧನೆಯ ಕೇಂದ್ರವಾಗಿ ಬೆಳೆಸಿದರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿ ಸ್ಥಾಪನೆಯಾಯಿತು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಅಸ್ತಿತ್ವಕ್ಕೆ ಬಂತು.

ಮನೆಯವರು ಒಳಗೆ ಬಂದರು

ಅಷ್ಟರಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ ಒಂದು ಹೊಸ ಪ್ರಯೋಗ ನಡೆದಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾ ಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆಯೆಂದರೇನು, ರೋಗಿಯೊಡನೆ ಹೇಗೆ ಮಾತನಾಡಬೇಕು, ಮದ್ದನ್ನು ಏಕೆ ನಿಲ್ಲಿಸಬಾರದು ಎಂದು ಅವರಿಗೆ ತಿಳಿಹೇಳಿದರು. ರೋಗಿ ಬೇಗ ಮನೆಗೆ ಮರಳುತ್ತಿದ್ದ. ಮನೆಯವರು ಧೈರ್ಯದಿಂದ ಕರೆದೊಯ್ಯುತ್ತಿದ್ದರು. ವೆಲ್ಲೂರಿನಲ್ಲಿಯೂ ಇದೇ ಹಾದಿ ತೆರೆಯಿತು. 1970ರ ದಶಕದಲ್ಲಿ ನಿಮ್ಹಾನ್ಸ್ ಕೂಡ ಕುಟುಂಬಕ್ಕೆಂದೇ ಪ್ರತ್ಯೇಕ ಕೇಂದ್ರವೊಂದನ್ನು ಆರಂಭಿಸಿತು.

ಇದು ಭಾರತವು ಜಗತ್ತಿಗೆ ಕೊಟ್ಟ ದೊಡ್ಡ ಪಾಠವೆಂದು ಹೇಳುವುದುಂಟು. ಅದು ನಿಜ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹಾಸಿಗೆಗಳಿಗೂ ದಾದಿಯರಿಗೂ ಬರವಿದ್ದ ದೇಶದಲ್ಲಿ ಮನೆಯವರೇ ಸಂಬಳವಿಲ್ಲದ ದಾದಿಯರಾದರು. ಆಸ್ಪತ್ರೆಯ ಭಾರ ಇಳಿಯಿತು, ಮನೆಯ ಭಾರ ಏರಿತು. ರೋಗಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಅಣ್ಣ, ನಿದ್ದೆಗೆಟ್ಟ ತಾಯಿ, ಸಂಬಂಧ ಕೂಡಿಬರದ ತಂಗಿ ಇವರ ಲೆಕ್ಕ ಯಾವ ಕಡತದಲ್ಲೂ ಬರಲಿಲ್ಲ. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, 1990ರ ದಶಕದಲ್ಲಿ ರೋಗಿಗಳ ಮನೆಯವರೇ ಸೇರಿ ಕಟ್ಟಿಕೊಂಡ ಅಮೆಂಡ್ ಮುಂತಾದ ಸಂಘಟನೆಗಳು ಈ ಕೊರತೆಯನ್ನು ತುಂಬಲು ಯತ್ನಿಸಿದವು.

ಸಕಲವಾರದಿಂದ ಬಳ್ಳಾರಿಗೆ

ನಿಮ್ಹಾನ್ಸ್‌ನ ವೈದ್ಯರಿಗೆ ಇನ್ನೊಂದು ಸತ್ಯವೂ ಹೊಳೆದಿತ್ತು. ಆಸ್ಪತ್ರೆ ಎಷ್ಟೇ ದೊಡ್ಡದಾದರೂ ರೋಗಿಗಳಿರುವುದು ಹಳ್ಳಿಗಳಲ್ಲಿ. 1975ರಲ್ಲಿ ಸಮುದಾಯ ಮನೋವೈದ್ಯ ವಿಭಾಗ ಆರಂಭವಾಯಿತು. ಆನೇಕಲ್ ತಾಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಅಲ್ಲಿ ಕಂಡುಕೊಂಡ ಉಪಾಯ ಸರಳ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆ ಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ, ತೀವ್ರ ಮನೋರೋಗ ಮತ್ತು ಮೂರ್ಛೆರೋಗವನ್ನು ಅವರೇ ಗುರುತಿಸಬಲ್ಲರು. ಅಗತ್ಯ ಮಾತ್ರೆಗಳನ್ನು ಅಲ್ಲಿಯೇ ಕೊಡಬಹುದು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಸಕಲವಾರದ ಉಪಾಯವನ್ನು ಇಡೀ ಜಿಲ್ಲೆಗೆ ಹಬ್ಬಿಸಬಹುದೇ ಎಂಬ ಪರೀಕ್ಷೆ 1985ರಿಂದ ಬಳ್ಳಾರಿಯಲ್ಲಿ ನಡೆಯಿತು. ಆ ಅನುಭವವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ಕರ್ನಾಟಕ ಸರಕಾರ ಮನೋಚೈತನ್ಯ ಯೋಜನೆಯ ಮೂಲಕ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚಿಕಿತ್ಸಾ ದಿನವನ್ನು ಆರಂಭಿಸಿತು. ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಬಳ್ಳಾರಿ ಎಂಬುದು ಕನ್ನಡಿಗರೆಲ್ಲ ಹೆಮ್ಮೆಪಡಬೇಕಾದ ವಿಷಯ.

ಏರ್ವಾಡಿಯ ಸರಪಳಿ

ಆದರೆ ಹತ್ತಿರದಲ್ಲಿ ಚಿಕಿತ್ಸೆಯಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು 2001ರ ಆಗಸ್ಟ್ 6 ತೋರಿಸಿಕೊಟ್ಟಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಪ್ರಸಿದ್ಧ ದರ್ಗಾ ಇದೆ. ಅದರ ಸುತ್ತ ಖಾಸಗಿಯವರು ನಡೆಸುತ್ತಿದ್ದ ಮನೆಗಳಲ್ಲಿ ಮನೋರೋಗಿಗಳನ್ನು ಇಡುತ್ತಿದ್ದರು. ಅಂದು ಬೆಳಗಿನ ಜಾವ ಅಂಥ ಒಂದು ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರಿಗೆ ಓಡಲಾಗಲಿಲ್ಲ. ಸತ್ತವರ ಸಂಖ್ಯೆ 28ಕ್ಕೇರಿತು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು.

ಆ ದುರಂತದ ಬಳಿಕ ಕೆಲವರು ದರ್ಗಾವನ್ನು ದೂರಿದರು, ಕೆಲವರು ರೋಗಿಗಳನ್ನು ಅಲ್ಲಿಗೆ ಕರೆತಂದವರನ್ನು ದೂರಿದರು. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದರು. ಪ್ರಾರ್ಥನೆ ಮನಸ್ಸಿಗೆ ಸಮಾಧಾನ ಕೊಡುತ್ತದೆ. ಅದು ಮದ್ದನ್ನು ಬಿಡಬೇಕೆಂದು ಹೇಳುವುದಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಸರಪಳಿ ಹಾಕಿ ಹಣ ಪಡೆಯುವುದು ಮಾತ್ರ ಅನ್ಯಾಯ. ಆದರೆ ಮನೆಯವರು ಅಷ್ಟು ದೂರ ಹೋಗಿ, ತಮ್ಮವರನ್ನು ಅಲ್ಲಿ ಬಿಟ್ಟುಬರಬೇಕಾದರೆ ಅದಕ್ಕೆ ಮೊದಲು ಎಷ್ಟು ಬಾಗಿಲುಗಳು ಮುಚ್ಚಿರಬೇಕು! 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂದು ಸ್ಪಷ್ಟವಾಗಿ ನಿಷೇಧಿಸಿದೆ.

ಕೆಂಪಾಪುರದಿಂದ ನೋಡಿದರೆ

ಸಕಲವಾರದಲ್ಲಿ ಕೇಂದ್ರ ತೆರೆದ ದಿನಗಳಲ್ಲಿ ಹೆಬ್ಬಾಳದ ಆಚೆಗಿನ ಕೆಂಪಾಪುರ ಊರ ಹೊರಗಿನ ಹಳ್ಳಿ. ಇಂದು ಅದು ವರ್ತುಲ ರಸ್ತೆ, ಬಳ್ಳಾರಿ ರಸ್ತೆಗಳ ಮಗ್ಗುಲಲ್ಲಿ ಬಾಡಿಗೆ ಮನೆಗಳೂ ಅಪಾರ್ಟ್‌ಮೆಂಟ್‌ಗಳೂ ತುಂಬಿದ ನಗರ. ಇಲ್ಲಿ ಒಂದು ವಿಪರ್ಯಾಸವಿದೆ. ಬಳ್ಳಾರಿಯ ಮಾದರಿ ರೂಪುಗೊಂಡದ್ದು ಹಳ್ಳಿಯ ಆರೋಗ್ಯ ಕೇಂದ್ರಗಳ ಮೇಲೆ. ನಗರಗಳಿಗೆ ಅಂಥದ್ದೊಂದು ಜಾಲ ಬೇಕೆಂದು ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಆರಂಭವಾದುದು 2013ರಲ್ಲಿ. ಹೀಗೆ ಹಳ್ಳಿಯಾಗಿದ್ದಾಗ ಯೋಜನೆ ಬರುವ ಮುನ್ನವೇ ನಗರವಾದ ಊರುಗಳು ಎರಡೂ ಕಡೆ ಸಲ್ಲದೆ ಉಳಿದವು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಮನೋರೋಗಗಳ ಪ್ರಮಾಣ ಹಳ್ಳಿಗಳಿಗಿಂತ ಮಹಾನಗರಗಳಲ್ಲಿ ಹೆಚ್ಚು ಎಂಬುದನ್ನೂ ಅದು ತೋರಿಸಿತು.

ಕೆಂಪಾಪುರದಿಂದ ನಿಮ್ಹಾನ್ಸ್‌ಗೆ ಸುಮಾರು 15 ಕಿ.ಮೀ. ದೇಶದ ಮೂಲೆಮೂಲೆಯಿಂದ ಬರುವವರ ಎದುರು ಇದೇನು ದೂರ ಎಂದು ಕೇಳಬಹುದು. ಹೊರಡಲು ಒಪ್ಪದ ಮಗನನ್ನು ಓಲೈಸಿ, ಎರಡು ಬಸ್ಸು ಹತ್ತಿಸಿ, ಚೀಟಿಗಾಗಿ ಸಾಲಿನಲ್ಲಿ ನಿಂತು ಸಂಜೆ ಮರಳುವ ತಾಯಿಯನ್ನು ಕೇಳಿದರೆ ಆ ದೂರ ಎಷ್ಟೆಂದು ತಿಳಿಯುತ್ತದೆ. ಅಂದಿನ ಕೂಲಿಯೂ ಹೋಯಿತು. ಎರಡು ತಿಂಗಳು ಹೀಗಾದರೆ ಮೂರನೆಯ ತಿಂಗಳು ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ರೋಗಿಯ ಮನೆಯವರೂ ಕರೆ ಮಾಡಬಹುದು ಎಂಬುದು ಹಲವರಿಗೆ ತಿಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ. ಆದರೆ ದೂರವಾಣಿ ಮಾತ್ರೆ ಕೊಡುವುದಿಲ್ಲ, ಕಾಯ್ದೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ.

ನಮಗೆ ಬೇಕಾದುದು ದೊಡ್ಡ ಕಟ್ಟಡವಲ್ಲ. ನಗರದ ಆರೋಗ್ಯ ಕೇಂದ್ರಗಳಲ್ಲೂ ನಮ್ಮ ಕ್ಲಿನಿಕ್‌ಗಳಲ್ಲೂ ವಾರದ ಒಂದು ನಿಗದಿತ ದಿನ ಮನೋವೈದ್ಯರು ಬರಲಿ, ನಿಮ್ಹಾನ್ಸ್ ಬರೆದುಕೊಟ್ಟ ಮಾತ್ರೆ ಅಲ್ಲಿ ಸಿಗಲಿ. ರೋಗಿ ಹಗಲು ಕಳೆಯಲು ಬಡಾವಣೆಯಲ್ಲೊಂದು ಕೇಂದ್ರವಿರಲಿ. ಆಗ ತಾಯಿ ನಾಲ್ಕು ಗಂಟೆಯಾದರೂ ದುಡಿದಾಳು, ಇಲ್ಲವೇ ಮಲಗಿಯಾಳು. ತಿಂಗಳಿಗೊಮ್ಮೆ ಮನೆಯವರು ಸೇರಿ ಮಾತನಾಡಲು ಒಂದು ಕೋಣೆ ಸಾಕು. ಅದನ್ನು ಮಸೀದಿ, ದೇವಸ್ಥಾನ, ಚರ್ಚ್, ಶಾಲೆ ಯಾರೂ ಕೊಡಬಲ್ಲರು. 2025ರಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾಗಿ ವಿಂಗಡಣೆಯಾಗಿದೆ. ಆಡಳಿತ ಹತ್ತಿರ ಬಂದಿದೆ ಎನ್ನುವವರು ಚಿಕಿತ್ಸೆಯೂ ಹತ್ತಿರ ಬರಲೆಂದು ಕೇಳಬೇಕು.

ಬಳ್ಳಾರಿಯ ಹಳ್ಳಿಗಳಲ್ಲಿ ನಲವತ್ತು ವರ್ಷಗಳ ಹಿಂದೆ ಸಾಧ್ಯವಾದುದು ಕೆಂಪಾಪುರದಲ್ಲಿ ಇಂದು ಏಕೆ ಅಸಾಧ್ಯ? ಉತ್ತರ ಕೊಡಬೇಕಾದವರು ಸರಕಾರ ಮಾತ್ರವಲ್ಲ, ಪಕ್ಕದ ಮನೆಯಲ್ಲಿ ವಾಸಿಸುವ ನಾವೂ ಕೂಡ.