ಶಿವಗಂಗೆಯ ನೆತ್ತಿಯಿಂದ ಕಾಣುವ ಹುಚ್ಚೆಳ್ಳಿನ ಹಳದಿ

ಆಯುಧಪೂಜೆ ಮುಗಿದು ದೀಪಾವಳಿ ಇನ್ನೂ ಬಾರದ ದಿನಗಳಲ್ಲಿ ಶಿವಗಂಗೆ ಹತ್ತಬೇಕು. ಮಳೆ ತೊಳೆದ ಬಂಡೆ ಹೊಳೆಯುತ್ತಿರುತ್ತದೆ, ಬಿಸಿಲಿಗೆ ಚುರುಕು ಬಂದಿರುವುದಿಲ್ಲ. ಬೆಂಗಳೂರು–ತುಮಕೂರು ಹೆದ್ದಾರಿಯ ಡಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿಗೇ ಬೆಟ್ಟದ ಬುಡ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ಸುತ್ತಲಿನ ಊರಿನವರು ಹೇಳುತ್ತಾರೆ. ದಕ್ಷಿಣ ಕಾಶಿ ಎಂಬ ಹೆಸರೂ ಇದಕ್ಕಿದೆ.

ಮೊದಲ ಮೆಟ್ಟಿಲುಗಳು ಸಲೀಸು. ಗವಿಯೊಳಗಿನ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆ ಹೊತ್ತು ಬರುವವರು ಇಂದಿಗೂ ಕಡಿಮೆಯಾಗಿಲ್ಲ. ಇನ್ನಷ್ಟು ಮೇಲೇರಿದರೆ ಒಳಕಲ್ಲು ತೀರ್ಥ. ಬಂಡೆಯ ಸಂದಿನೊಳಗೆ ಒರಳಿನ ಕುಳಿಯಂಥ ಕಿರಿದಾದ ತೂತು. ಬಗ್ಗಿ ಕೈಯಿಳಿಸಿ, ತೋಳು ಕಲ್ಲಿಗೆ ಒತ್ತುವಷ್ಟು ಚಾಚಿ ತಡಕಬೇಕು. ಬೆರಳ ತುದಿಗೆ ತಣ್ಣಗೆ ನೀರು ತಾಕಿದವರ ಮುಖ ಅರಳುತ್ತದೆ. ತಾಕದವರು ಇನ್ನೊಮ್ಮೆ ತೋಳು ಮಡಚುತ್ತಾರೆ. ಪುಣ್ಯವಿದ್ದವರಿಗೆ ನೀರು ಸಿಗುತ್ತದೆ ಎಂಬುದು ಇಲ್ಲಿನ ಮಾತು.

ಅಲ್ಲಿಂದಾಚೆಗೆ ದಾರಿ ಕಡಿದು. ಬಂಡೆಯಲ್ಲೇ ಕೆತ್ತಿದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಸರಳು. ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೈಯಲ್ಲಿ ಹಿಡಿದಿದ್ದರೆ ಕೋತಿಗಳು ಬಿಡುವುದಿಲ್ಲ. ಕಡಿದಾದ ಕೋಡುಗಲ್ಲೊಂದರ ಮೇಲೆ ಕಲ್ಲಿನ ಬಸವ ಕೂತಿದ್ದಾನೆ. ಅವನ ಸುತ್ತ ಪ್ರದಕ್ಷಿಣೆ ಹಾಕಲು ಇರುವ ಜಾಗ ಬಹಳ ಇಕ್ಕಟ್ಟು.

ಪ್ರಪಾತವೊಂದನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದ ಹಾರಿದಳು ಎನ್ನುತ್ತಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟೇ: 1131ರಲ್ಲಿ ಆಕೆ ಶಿವಗಂಗೆಯಲ್ಲಿ ಮುಕ್ತಿ ಪಡೆದಳು. ಹಾರಿದ ಮಾತು ಅದರಲ್ಲಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅನ್ನ ಬಿಟ್ಟು, ಸಲ್ಲೇಖನದಿಂದ ಪ್ರಾಣ ನೀಗಿದಳು. ಪ್ರಪಾತದ ಕತೆಗಿಂತ ಈ ತಾಯಿಯ ಸಂಕಟ ಹೆಚ್ಚು ನಾಟುತ್ತದೆ, ಆದರೆ ಬೆಟ್ಟದ ಮೇಲೆ ಅವಳ ಹೆಸರೆತ್ತುವವರೇ ವಿರಳ.

ನೆತ್ತಿ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರ. ಕೆಳಗೆ ಹೊಲಗಳು ಹಾಸಿಕೊಂಡಿವೆ. ರಾಗಿ ತೆನೆ ಬಲಿತು, ಹಸಿರು ಕಂದಿಗೆ ತಿರುಗುವ ಕಾಲ. ಅದರ ನಡುವೆ ಗೆರೆ ಎಳೆದ ಹಾಗೆ ಅಕ್ಕಡಿ ಸಾಲು: ಅವರೆ, ತೊಗರಿ, ಸಾಸಿವೆ, ಮತ್ತೆ ಈ ತಿಂಗಳಿಗೇ ಮೀಸಲಾದ ಹುಚ್ಚೆಳ್ಳಿನ ಹಳದಿ ಹೂ. ಜೇನ್ನೊಣ ಮುತ್ತುವ ಆ ಹೂವೇ ಮುಂದೆ ಎಣ್ಣೆಯಾಗಿ, ಚಟ್ನಿಪುಡಿಯಾಗಿ ಅಡುಗೆಮನೆ ಸೇರುತ್ತದೆ. ಒಂದೊಂದು ಬೆಳೆ ಒಂದೊಂದು ಹೊತ್ತಿಗೆ ಮಾಗುವುದರಿಂದ ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ಮನೆಯನ್ನು ಕಾಯುತ್ತದೆ. ಮಳೆಯನ್ನೇ ನಂಬಿದ ಸೀಮೆಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಜಾಣ್ಮೆ ಇದು. ಈಗ ಅಂಥ ಹೊಲಗಳ ಮಧ್ಯೆ ನೀಲಗಿರಿ ತೋಪು ಎದ್ದಿದೆ, ಡಾಬಸ್‌ಪೇಟೆಯ ಕಡೆ ಕಾರ್ಖಾನೆಗಳ ತಗಡಿನ ಸೂರು ಹೊಳೆಯುತ್ತದೆ. ಹಳದಿ ಗೆರೆಗಳು ಕಿರಿದಾಗುತ್ತಿರುವುದನ್ನು ನೋಡಿ ಹೊಟ್ಟೆ ಚುರ್ ಎನ್ನುತ್ತದೆ.

ಕುಮುದ್ವತಿ ಹುಟ್ಟುವುದು ಈ ಬೆಟ್ಟದಲ್ಲೇ. ಕೆರೆಗಳನ್ನು ಹಾದು ಹರಿದು, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಆ ಸಂಗಮದಲ್ಲಿ 1930ರ ದಶಕದಲ್ಲಿ ಕಟ್ಟಿದ ಜಲಾಶಯ ಬೆಂಗಳೂರಿಗೆ ದಶಕಗಳ ಕಾಲ ನೀರುಣಿಸಿತು. ಉತ್ತರಕ್ಕೆ ಕಾಣುವ ದೇವರಾಯನದುರ್ಗದ ಸಾಲಿನಲ್ಲಿ ಶಿಂಷಾ, ಜಯಮಂಗಲಿ ಹುಟ್ಟುತ್ತವೆ. ಒಂದು ಕಾವೇರಿಯ ಪಾಲು, ಇನ್ನೊಂದು ಉತ್ತರ ಪಿನಾಕಿನಿಯದು. ಕುಮುದ್ವತಿ ಈಗ ಬಹುಪಾಲು ದಿನ ಬತ್ತಿಯೇ ಇರುತ್ತದೆ. ಒಳ್ಳೆ ಮಳೆ ಬಿದ್ದ ವರ್ಷ ಮಾತ್ರ ಬಯಲಿನ ಕೆರೆಗಳು ಅಲ್ಲೊಂದು ಇಲ್ಲೊಂದು ಕನ್ನಡಿಯಂತೆ ಮಿನುಗುತ್ತವೆ.

ಇನ್ನು ಕೆಲವೇ ವಾರಗಳಲ್ಲಿ ರಾಗಿ ಕೊಯ್ಲು, ಆಮೇಲೆ ಕಣದ ಕೆಲಸ. ಅದು ಮುಗಿಯುವ ಹೊತ್ತಿಗೆ ಸಂಕ್ರಾಂತಿ. ಅಂದು ಈ ನೆತ್ತಿಯ ತೀರ್ಥದ ಕಂಬದ ಬಳಿ ಒಸರುವ ನೀರನ್ನು ಹಿಡಿದು ಕೆಳಗಿಳಿಸಿ, ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಧಾರೆ ಎರೆಯುತ್ತಾರೆ.