ವಿದೇಶ ಪ್ರವಾಸಕ್ಕೆ ವೀಸಾ: ಅರ್ಜಿ ಹಾಕುವ ಮೊದಲು ತಿಳಿದಿರಬೇಕಾದ ವಿಷಯಗಳು



ಲೆಸ್ಟರ್‌ನ ಜೈನ ಕೇಂದ್ರ, ನ್ಯೂಜೆರ್ಸಿಯ ಸಿದ್ಧಾಚಲಂ, ಆಂಟ್‌ವರ್ಪ್‌ನ ಜಿನಮಂದಿರ ನೋಡಲು ನಮ್ಮ ಸಮಾಜ ಬಾಂಧವರು ಈಗ ಹೋಗುತ್ತಿದ್ದಾರೆ. ಮಕ್ಕಳ ಮನೆಗೆ ಹೋಗುವ ಹಿರಿಯರೂ ಇದ್ದಾರೆ. ನೇಪಾಳ, ಭೂತಾನ್‌ಗೆ ನಮಗೆ ವೀಸಾ ಬೇಡ. ಉಳಿದ ಕಡೆಗೆ ಹೊರಡುವವರು ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿ.

ನಮ್ಮ ಕಡೆ ಹೆಸರಿನದೇ ದೊಡ್ಡ ತೊಡಕು. ಹಿರಿಯರಿಗೆ ಪದ್ಮಾವತಿ, ಧರಣೇಂದ್ರ ಎಂದು ಒಂದೇ ಹೆಸರು, ಜೊತೆಗೆ ಊರಿನದೋ ತಂದೆಯದೋ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ. ಇಂಥ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದು ಯು.ಎ.ಇ. 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಅಮೆರಿಕದ ಅರ್ಜಿಯಲ್ಲಿ ಆ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ತುಂಬಬೇಕು. ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸುವುದೇ ಲೇಸು. ಆಧಾರ್, ಪ್ಯಾನ್‌ನಲ್ಲೂ ಹೆಸರು ಹಾಗೆಯೇ ಇರಲಿ.

ಯುರೋಪಿನ ಷೆಂಗೆನ್ ವೀಸಾಕ್ಕೆ ಹೊರಡುವ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ. ದಿನಗಳು ಸಮವಾದರೆ ಮೊದಲು ಇಳಿಯುವ ದೇಶಕ್ಕೆ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ, ತಿರಸ್ಕಾರವಾದರೂ ವಾಪಸ್ ಬರುವುದಿಲ್ಲ. ಬೆರಳಚ್ಚಿಗೆ ಖುದ್ದು ಹೋಗಬೇಕು. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಆದ್ದರಿಂದ ಮನೆಯವರೆಲ್ಲರಿಗೂ ಒಂದೇ ದಿನದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಕೊಡಗಿನ ಬೆಳೆಗಾರರಿಗೆ ಇನ್ನೊಂದು ಮಾತು. ಹಸಿ ಕಾಫಿ ಅಥವಾ ಒಣಗಿಸಿದ ಚೆರಿ ಮಾರಿದ ಹಣ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ರಿಟರ್ನ್ ಮಾತ್ರ ನೋಡಿದ ವೀಸಾ ಅಧಿಕಾರಿಗೆ ಇವರಿಗೆ ಸಂಪಾದನೆಯೇ ಇಲ್ಲವೆನಿಸಬಹುದು. ಪಹಣಿ, ಮಾರಾಟದ ಬಿಲ್ಲು, 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ವ್ಯಾಪಾರಸ್ಥರಾದರೆ ಜಿ.ಎಸ್.ಟಿ. ನೋಂದಣಿ. ಅರ್ಜಿಗೆ ಮುನ್ನ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತುಂಬಿದರೆ ಅನುಮಾನವೇ ಹೆಚ್ಚು. ‘ವೀಸಾ ಗ್ಯಾರಂಟಿ’ ಎನ್ನುವ ಏಜೆಂಟರಿಗೆ ಮುಂಗಡ ಕೊಡಬೇಡಿ, ನಿರ್ಧಾರ ರಾಯಭಾರ ಕಚೇರಿಯದು.

ಏಪ್ರಿಲ್–ಮೇ ರಜೆಗೆ ಹೋಗುವವರು ಜನವರಿಯಲ್ಲೇ ಕಾಗದಪತ್ರ ಜೋಡಿಸಿಕೊಳ್ಳಿ. ಹಾಗೆ ಮಾಡಿದರೆ ಚಾತುರ್ಮಾಸಕ್ಕೆ ಮುಂಚೆ ಮನೆಗೆ ಬಂದಿರಬಹುದು. ವಿಮಾನದಲ್ಲಿ ಬೇಕಾದ ಜೈನ ಊಟದ ಸಂಕೇತ ವಿಜೆಎಂಎಲ್. ಬರೀ ‘ವೆಜ್’ ಎಂದರೆ ಈರುಳ್ಳಿ, ಆಲೂಗಡ್ಡೆ ಬರುತ್ತದೆ.